ಕೋಡ್ ಬಂತೆಂದು ಪೆಡಲ್ ಬದಲಿಸಬೇಡಿ

ಈಗಿನ ಕಾರಿನಲ್ಲಾಗಲಿ ಸರಕು ಗಾಡಿಯಲ್ಲಾಗಲಿ ಚಾಲಕನ ಕಾಲಿಗೂ ಎಂಜಿನ್ನಿಗೂ ನೇರ ನಂಟಿಲ್ಲ. ಹಿಂದೆಲ್ಲ ಆಕ್ಸಿಲರೇಟರ್ ತುಳಿದರೆ ಉಕ್ಕಿನ ಕೇಬಲ್ಲೊಂದು ಜಗ್ಗುತ್ತಿತ್ತು. ಪೆಟ್ರೋಲ್ ಗಾಡಿಯಲ್ಲಿ ಅದು ಕಾರ್ಬ್ಯುರೇಟರಿನ ಬಾಗಿಲು ತೆರೆಯುತ್ತಿತ್ತು, ಡೀಸೆಲ್ ಗಾಡಿಯಲ್ಲಿ ಇಂಧನ ಒದಗಿಸುವ ಮೈಕೊ ಪಂಪಿನ ಲಿವರ್ ಎಳೆಯುತ್ತಿತ್ತು. ಈಗ ತುಳಿತವೆಂಬುದು ಬರೀ ಕೋರಿಕೆ. ಪೆಡಲ್ ಎಷ್ಟು ಇಳಿದಿದೆ ಎಂಬುದನ್ನು ಅದರ ಬುಡದಲ್ಲಿರುವ ಸೆನ್ಸರ್ ವೋಲ್ಟೇಜಿನ ರೂಪದಲ್ಲಿ ಇಸಿಯು ಎಂಬ ಕಂಪ್ಯೂಟರಿಗೆ ತಿಳಿಸುತ್ತದೆ. ಎಷ್ಟು ಗಾಳಿ, ಎಷ್ಟು ಇಂಧನ ಎಂಬುದನ್ನು ಆ ಕಂಪ್ಯೂಟರ್ ತೀರ್ಮಾನಿಸುತ್ತದೆ. 1980ರ ದಶಕದ ಕೊನೆಗೆ ಬಿಎಂಡಬ್ಲ್ಯುವಿನ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡ ಈ ಏರ್ಪಾಡು ಕಾಮನ್ ರೇಲ್ ಡೀಸೆಲ್ ಎಂಜಿನ್ನುಗಳ ಜೊತೆ ನಮ್ಮ ರಸ್ತೆಗಿಳಿಯಿತು. 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಕಡ್ಡಾಯವಾದ ಮೇಲೆ ಗುಬ್ಬಿಯ ತೋಟಗಳಿಂದ ತೆಂಗಿನಕಾಯಿ ಹೊರುವ ಸಣ್ಣ ಗಾಡಿಗೂ ಬಂದಿತು. ಹಾಗಾಗಿ ತುಮಕೂರಿನ ಶಿರಾ ಗೇಟ್, ಗುಬ್ಬಿ ಗೇಟ್ ಕಡೆಯ ಗ್ಯಾರೇಜಿಗೂ ಕುಣಿಗಲ್‌ನಲ್ಲಿ ಹಾಸನದ ಹೆದ್ದಾರಿ ಬದಿಯ ಶೆಡ್ಡಿಗೂ ಈಗ ಬರುವ ಹೊಸ ಬಗೆಯ ದೂರು ಇದು: ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ರೇಸ್ ತೆಗೆದುಕೊಳ್ಳುವುದಿಲ್ಲ. ಎಷ್ಟು ತುಳಿದರೂ ಎಂಜಿನ್ ಸಾವಿರದ ಇನ್ನೂರು ಆರ್‌ಪಿಎಂ ಆಸುಪಾಸಿನಲ್ಲೇ ಗುನುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ಪಿ2138 ಎಂಬ ಕೋಡ್ ಬರುತ್ತದೆ, ಅದರ ಪಕ್ಕದಲ್ಲಿ ‘ಪೆಡಲ್ ಪೊಸಿಷನ್ ಸೆನ್ಸರ್’ ಎಂಬ ಮಾತಿರುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯಿತು ಎಂದುಕೊಂಡು ಪೆಡಲ್ ಬದಲಿಸುವುದು ರೂಢಿಯಾಗುತ್ತಿದೆ. ಈ ರೂಢಿ ತಪ್ಪು, ದುಬಾರಿ, ಒಮ್ಮೊಮ್ಮೆ ಅಪಾಯಕಾರಿ ಕೂಡ. ಒಂದು ಮಲ್ಟಿಮೀಟರ್, ಅರ್ಧ ತಾಸಿನ ತಾಳ್ಮೆ, ಆ ಅರ್ಧ ತಾಸಿಗೆ ನ್ಯಾಯವಾದ ಕೂಲಿ ಇಷ್ಟಿದ್ದರೆ ಇದನ್ನು ತಪ್ಪಿಸಬಹುದು.

ಸೆನ್ಸರ್ ಕೆಲಸ ಮಾಡುವ ಬಗೆ ತಿಳಿದರೆ ಕೋಡ್ ಏಕೆ ತೀರ್ಪಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಪೆಡಲ್‌ನೊಳಗೆ ಇರುವುದು ಒಂದಲ್ಲ, ಎರಡು ಸೆನ್ಸರ್. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ತನ್ನದೇ 5 ವೋಲ್ಟ್, ತನ್ನದೇ ಅರ್ಥ್, ತನ್ನದೇ ಸಿಗ್ನಲ್ ತಂತಿ. ಒಟ್ಟು ಆರು ತಂತಿ. ಬಹುಪಾಲು ಗಾಡಿಗಳಲ್ಲಿ ಕಾಲು ತೆಗೆದಾಗ ಮೊದಲನೆಯದು ಮುಕ್ಕಾಲು ವೋಲ್ಟಿನ ಸುತ್ತಮುತ್ತ ಇರುತ್ತದೆ, ಪೂರ್ತಿ ತುಳಿದಾಗ ನಾಲ್ಕು ವೋಲ್ಟಿನ ಹತ್ತಿರ ಹೋಗುತ್ತದೆ. ಎರಡನೆಯದು ಸದಾ ಅದರ ಅರ್ಧದಷ್ಟಿರುತ್ತದೆ. ಕೆಲವು ಕಂಪನಿಗಳು ಎರಡನ್ನೂ ಬೇರೆ ಅಳತೆಯಲ್ಲಿ ಇಡುತ್ತವೆ, ಕೆಲವು ತಲೆಕೆಳಗಾಗಿಯೂ ಇಡುತ್ತವೆ. ತತ್ವ ಮಾತ್ರ ಒಂದೇ. ಮಂಡಿಯಲ್ಲಿ ಒಂದೇ ವ್ಯಾಪಾರವನ್ನು ಇಬ್ಬರು ಗುಮಾಸ್ತರು ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟು, ಸಂಜೆ ಎರಡನ್ನೂ ತಾಳೆ ನೋಡುವ ಹಾಗೆ ಇಸಿಯು ಈ ಎರಡು ಲೆಕ್ಕವನ್ನು ಕ್ಷಣಕ್ಷಣಕ್ಕೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಯಾವ ಲೆಕ್ಕ ಸರಿ ಎಂದು ಊಹಿಸಲು ಹೋಗುವುದಿಲ್ಲ. ಎರಡನ್ನೂ ಅನುಮಾನಿಸಿ, ಎಂಜಿನ್ನಿನ ಬಲ ತಗ್ಗಿಸಿ, ಮನೆ ಸೇರುವಷ್ಟು ಮಾತ್ರ ಶಕ್ತಿ ಕೊಡುತ್ತದೆ. ಮೆಕ್ಯಾನಿಕ್‌ಗಳು ಲಿಂಪ್ ಮೋಡ್ ಎನ್ನುವುದು ಇದನ್ನೇ. ಗಾಡಿ ಕೆಟ್ಟಿತೆಂದು ಚಾಲಕ ಬಯ್ದುಕೊಳ್ಳುವ ಆ ಹೊತ್ತಿನಲ್ಲಿ ಗಾಡಿ ನಿಜವಾಗಿ ಮಾಡುತ್ತಿರುವುದು ತನಗೆ ವಿಧಿಸಿದ ಕೆಲಸವನ್ನೇ. ತಪ್ಪು ಲೆಕ್ಕ ನಂಬಿ ಎಂಜಿನ್ ಓಡಿಸುವುದಕ್ಕಿಂತ ಓಡಿಸದಿರುವುದು ಮೇಲು ಎಂದು ಅದನ್ನು ಕಟ್ಟಿದವರು ನಿರ್ಧರಿಸಿದ್ದಾರೆ, ಅದು ಸರಿಯಾದ ನಿರ್ಧಾರ.

ಕೋಡ್‌ಗಳ ಭಾಷೆಯನ್ನು ಈಗ ಓದಿ ನೋಡಿ. ಪಿ2122 ಅಂದರೆ ಮೊದಲನೆಯ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಕಡಿಮೆ, ಪಿ2123 ಅಂದರೆ ಹೆಚ್ಚು. ಎರಡನೆಯದಕ್ಕೆ ಇದೇ ರೀತಿ ಪಿ2127, ಪಿ2128. ಪಿ2138 ಅಂದರೆ ಎರಡರ ತಾಳೆ ತಪ್ಪಿದೆ. ಇವುಗಳಲ್ಲಿ ಎಲ್ಲಿಯೂ ‘ಸೆನ್ಸರ್ ಕೆಟ್ಟಿದೆ’ ಎಂಬ ಮಾತಿಲ್ಲ, ಮೊದಲ ನಾಲ್ಕರಲ್ಲಿ ಇರುವುದು ‘ಸರ್ಕ್ಯೂಟ್’ ಎಂಬ ಮಾತು. ಸರ್ಕ್ಯೂಟ್ ಎಂದರೆ ಪೆಡಲ್‌ನಿಂದ ಹಿಡಿದು ಇಸಿಯುವಿನ ತನಕ ಇರುವ ಪ್ರತಿ ಪಿನ್ನು, ಪ್ರತಿ ತಂತಿ, ಪ್ರತಿ ಅರ್ಥ್ ಬೋಲ್ಟು. ಇಸಿಯುವಿಗೆ ಕಣ್ಣಿಲ್ಲ. ತನ್ನ ಬಾಗಿಲಿಗೆ ಬಂದ ವೋಲ್ಟೇಜ್ ಎಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು, ಆ ವೋಲ್ಟೇಜ್ ದಾರಿಯಲ್ಲಿ ಎಲ್ಲಿ ಕೆಟ್ಟಿತೆಂದು ಗೊತ್ತಿಲ್ಲ. ಇದರ ಜೊತೆಗೆ ಪಿ2135 ಎಂಬ ಇನ್ನೊಂದು ಕೋಡ್ ಇದೆ. ಅದು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯೊಳಗಿನ ಸೆನ್ಸರ್‌ಗಳ ತಾಳೆಗೆ ಸಂಬಂಧಿಸಿದ್ದು, ಪೆಡಲ್‌ಗೂ ಅದಕ್ಕೂ ಸಂಬಂಧವಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಎರಡನ್ನೂ ‘ರೇಸ್ ಸೆನ್ಸರ್’ ಎಂದು ಕರೆದರೆ ಇಲ್ಲೇ ಮೊದಲ ಎಡವಟ್ಟು. ಪಿ2299 ಬಂದರಂತೂ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ತುಳಿದಂತೆ ಇಸಿಯುವಿಗೆ ಕಾಣುತ್ತಿದೆ ಎಂದರ್ಥ. ಚಾಲಕ ಹಾಗೆ ತುಳಿಯುತ್ತಿಲ್ಲವಾದರೆ ಅನುಮಾನ ಹೋಗಬೇಕಾದದ್ದು ಮೊದಲು ಬ್ರೇಕ್ ಪೆಡಲ್ಲಿನ ಸ್ವಿಚ್ಚಿನ ಮೇಲೆ, ಅಂದರೆ ಹಿಂದಿನ ದೀಪ ಉರಿಸುವ ಆ ಸಣ್ಣ, ಅಗ್ಗದ ಭಾಗದ ಮೇಲೆ.

ನನ್ನ ವಾದದ ಗಟ್ಟಿ ಪುರಾವೆ ಇರುವುದು ಅರ್ಥ್ ತಂತಿಯಲ್ಲಿ. ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪೆಡಲ್ ಬಿಟ್ಟಾಗ ಮೊದಲ ಸಿಗ್ನಲ್ 0.8 ವೋಲ್ಟ್, ಎರಡನೆಯದು 0.4 ವೋಲ್ಟ್ ಇರಬೇಕಾದ ಗಾಡಿ ಎಂದುಕೊಳ್ಳಿ. ಎರಡನೆಯ ಸೆನ್ಸರಿನ ಅರ್ಥ್ ಪಿನ್ನಿಗೆ ಹಸಿರು ಕಿಲುಬು ಹಿಡಿದು, ಅಲ್ಲಿ ಬರೀ 0.2 ವೋಲ್ಟ್ ಸಿಕ್ಕಿಹಾಕಿಕೊಂಡಿತು. ಆಗ ಆ ಸೆನ್ಸರಿಗೆ ಸಿಗುವುದು 5ರ ಬದಲು 4.8 ವೋಲ್ಟ್, ಅದೂ ನೆಲದಿಂದ 0.2 ಮೇಲೆ ಕೂತು. ಅದರ ಪಾಲಿನ ಶೇ 8ನ್ನು ಲೆಕ್ಕ ಹಾಕಿದರೆ ಇಸಿಯು ಕಾಣುವುದು 0.4 ಅಲ್ಲ, ಸುಮಾರು 0.58. ಅದರ ಇಮ್ಮಡಿ 1.16, ಮೊದಲನೆಯದು ಹೇಳುತ್ತಿರುವುದು 0.8. ತಾಳೆ ತಪ್ಪಿತು, ಪಿ2138 ಬಂತು. ಪೆಡಲ್ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಚೆನ್ನಾಗಿದೆ! ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೀಟರಿನ ಕೆಂಪು ತಂತಿಯನ್ನು ಸಿಗ್ನಲ್ಲಿಗೂ ಕಪ್ಪು ತಂತಿಯನ್ನು ಅದೇ ಸೆನ್ಸರಿನ ಅರ್ಥ್ ಪಿನ್ನಿಗೂ ಇಟ್ಟು ಅಳೆದರೆ 0.38 ಎಂದು ತೋರಿಸುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟಾಗ ಮಾತ್ರ ಕಳ್ಳ ಸಿಗುತ್ತಾನೆ. ಆದ್ದರಿಂದ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ, ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟು ಫ್ಯಾನು ಎಲ್ಲ ಹಾಕಿ, ವೋಲ್ಟೇಜ್ ಅಳೆಯಬೇಕು. ಅರ್ಥ್ ಡ್ರಾಪ್ ಎನ್ನುವ ಆ ಅಂಕಿ 0.1 ವೋಲ್ಟಿನೊಳಗಿರಬೇಕು. ಮೀರಿದರೆ ಪೆಡಲ್ ಬದಿಗಿಟ್ಟು ಅರ್ಥ್ ದಾರಿ ಹುಡುಕಬೇಕು.

ಮುಂದಿನ ಅನುಮಾನ 5 ವೋಲ್ಟಿನ ಮೇಲೆ. ಎಷ್ಟೋ ಗಾಡಿಗಳಲ್ಲಿ ಇಸಿಯು ಒಂದೇ 5 ವೋಲ್ಟಿನ ಸಾಲಿನಿಂದ ಪೆಡಲ್ ಸೆನ್ಸರಿಗೂ ಎಸಿಯ ಗ್ಯಾಸ್ ಒತ್ತಡ, ಗಾಳಿಯ ಒತ್ತಡ ಅಳೆಯುವಂಥ ಬೇರೆ ಸೆನ್ಸರ್‌ಗಳಿಗೂ ವಿದ್ಯುತ್ ಹಂಚುತ್ತದೆ. ಅವುಗಳಲ್ಲಿ ಯಾವುದೋ ಒಂದು ಶಾರ್ಟ್ ಆದರೆ ಆ ಸಾಲೇ ಕುಸಿದು, ದೂರು ಪೆಡಲ್ಲಿನ ಹೆಸರಿಗೆ ಬೀಳುತ್ತದೆ. ಮೀಟರನ್ನು 5 ವೋಲ್ಟಿನ ಪಿನ್ನಿಗೆ ಇಟ್ಟುಕೊಂಡು ಆ ಸಾಲಿನ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಮತ್ತೆ ಏರಿತೋ ಅದೇ ಅಪರಾಧಿ. ಈ ಎರಡೂ ಸರಿಯಿದ್ದ ಮೇಲೆ ಸಿಗ್ನಲ್ ನೋಡುವ ಸರದಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಕನೆಕ್ಟರ್ ಹಾಕಿದಂತೆಯೇ ಹಿಂಬದಿಯಿಂದ ಸಪೂರ ಪಿನ್ ತೂರಿಸಿ, ಪೆಡಲನ್ನು ಕೈಯಿಂದ ಬಹಳ ನಿಧಾನವಾಗಿ ಒತ್ತಬೇಕು. ವೋಲ್ಟೇಜ್ ಎಲ್ಲಿಯೂ ಜಿಗಿಯದೆ, ಬೀಳದೆ, ಒಂದೇ ಸಮ ಏರಬೇಕು. ಹಳೆಯ ಮಾದರಿಯ ಸೆನ್ಸರಿನಲ್ಲಿ ಒಂದು ಸಣ್ಣ ಮುಳ್ಳು ಕಾರ್ಬನ್ ಹಾದಿಯ ಮೇಲೆ ಉಜ್ಜುತ್ತ ಸಾಗುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ಒಂದೇ ವೇಗದಲ್ಲಿ ಓಡುವ ಗಾಡಿಯಲ್ಲಿ ಕಾಲು ನಿಲ್ಲುವ ಜಾಗ ಒಂದೇ, ಹಾಗಾಗಿ ಹಾದಿ ಸವೆಯುವುದೂ ಅಲ್ಲೇ. ಆ ಒಂದು ಬಿಂದುವಿನಲ್ಲಿ ಮಾತ್ರ ಸಿಗ್ನಲ್ ಮುಗ್ಗರಿಸಿದರೆ, ಆಗ ಧೈರ್ಯವಾಗಿ ಪೆಡಲ್ ಕೆಟ್ಟಿದೆ ಎನ್ನಬಹುದು. ಹೊಸ ಮಾದರಿಗಳಲ್ಲಿ ಉಜ್ಜಾಟವಿಲ್ಲ. ಅಯಸ್ಕಾಂತ ಚಲಿಸಿದಂತೆ ವೋಲ್ಟೇಜ್ ಬದಲಾಗುವ, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವದ ಸೆನ್ಸರ್ ಇರುತ್ತದೆ. ಇದನ್ನು ಓಮ್ ಅಳತೆಯಲ್ಲಿ ಪರೀಕ್ಷಿಸಿ ‘ರೀಡಿಂಗ್ ಬರುತ್ತಿಲ್ಲ, ಸತ್ತಿದೆ’ ಎನ್ನುವವರು ಬದುಕಿರುವ ಸೆನ್ಸರಿಗೆ ಮರಣಪತ್ರ ಬರೆಯುತ್ತಿದ್ದಾರೆ.

ನಮ್ಮ ಸೀಮೆಯ ರಸ್ತೆ, ಹವೆ, ಬಳಕೆ ನೋಡಿದರೂ ತಂತಿ ಕನೆಕ್ಟರುಗಳ ಮೇಲೆ ಅನುಮಾನ ಮೊದಲು ಹೋಗಬೇಕು. ತೋಟದ ಮನೆಯ ಕೊಟ್ಟಿಗೆಯಲ್ಲಿ, ರಾಗಿ ಮೂಟೆ, ಕೊಬ್ಬರಿ ಅಟ್ಟದ ಪಕ್ಕದಲ್ಲಿ ನಿಲ್ಲುವ ಗಾಡಿಯ ಬೆಚ್ಚಗಿನ ಬಾನೆಟ್ಟಿನೊಳಗೆ ಇಲಿ ಹೆಗ್ಗಣ ಸೇರದಿರುತ್ತವೆಯೇ? ಅವು ಕಡಿಯುವುದು ತಂತಿಯ ಸಿಪ್ಪೆಯನ್ನು. ಒಳಗಿನ ಎಳೆ ಅರ್ಧ ಉಳಿದರೆ ಗಾಡಿ ಒಣ ದಿನ ಓಡುತ್ತದೆ, ಮಳೆ ಬಂದರೆ ನಿಲ್ಲುತ್ತದೆ. ವಾಟರ್ ಸರ್ವಿಸ್‌ನವರು ಕೆಸರು ಕಂಡಲ್ಲೆಲ್ಲ ಪೈಪ್ ಹಿಡಿದು, ಕಾಲಿನ ಜಾಗಕ್ಕೂ ನೀರು ಹೊಡೆದರೆ ಪೆಡಲ್ಲಿನ ಕನೆಕ್ಟರಿಗೆ ತೇವ ಹೋಗುತ್ತದೆ. ಫಾಗ್ ಲ್ಯಾಂಪು, ದೊಡ್ಡ ಹಾರ್ನು, ಜಿಪಿಎಸ್ ಟ್ರ್ಯಾಕರ್, ಮ್ಯೂಸಿಕ್ ಸಿಸ್ಟಂ ಹಾಕುವಾಗ ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕ ತಂತಿಗೆ ಗಂಟು ಹಾಕುವುದು, ಸಿಕ್ಕ ಬೋಲ್ಟಿಗೆ ಅರ್ಥ್ ಕೊಡುವುದು ನಮ್ಮಲ್ಲಿ ಮಾಮೂಲು. ಇವೆಲ್ಲದರ ಫಲ ಕೊನೆಗೆ ಸೆನ್ಸರ್ ಕೋಡಾಗಿ ಬರುತ್ತದೆ. ಕೀ ಆನ್ ಮಾಡಿ, ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದಿಟ್ಟು, ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ತಂತಿಯ ಕಟ್ಟನ್ನು ಪೆಡಲ್ಲಿನಿಂದ ಇಸಿಯುವಿನವರೆಗೆ ಗೇಣುಗೇಣಾಗಿ ಅಲುಗಿಸುತ್ತ ಹೋದರೆ, ದೋಷವಿರುವ ಜಾಗದಲ್ಲಿ ಪರದೆಯ ಮೇಲಿನ ಅಂಕಿ ಒದ್ದಾಡುತ್ತದೆ. ಇದಕ್ಕೆ ಲಕ್ಷದ ಯಂತ್ರ ಬೇಡ. ಮೊಬೈಲಿಗೆ ಜೋಡಿಸುವ ಅಗ್ಗದ ಓಬಿಡಿ ಅಡಾಪ್ಟರುಗಳೇ ‘ಪೆಡಲ್ ಡಿ’, ‘ಪೆಡಲ್ ಇ’ ಎಂಬ ಎರಡು ಅಂಕಿಗಳನ್ನು ಬಹುಪಾಲು ಕಾರುಗಳಲ್ಲಿ ತೋರಿಸುತ್ತವೆ.

‘ಪೆಡಲ್ ಬದಲಿಸಿದೆವು, ಗಾಡಿ ಸರಿಯಾಯಿತು, ಇನ್ನೇನು ಪುರಾವೆ ಬೇಕು?’ ಎಂದು ಕೇಳುವವರಿದ್ದಾರೆ. ಕೇಳಲು ಬಲವಾದ ಪ್ರಶ್ನೆ. ಆದರೆ ಪೆಡಲ್ ಬದಲಿಸುವಾಗ ನಡೆಯುವುದೇನು? ಹಳೆಯ ಕನೆಕ್ಟರನ್ನು ಕಿತ್ತು ಹೊಸ ಪೆಡಲ್ಲಿನ ಹೊಳೆಯುವ ಪಿನ್ನಿಗೆ ಒತ್ತುತ್ತೇವೆ. ಆ ಉಜ್ಜಾಟದಲ್ಲಿ ಕಿಲುಬು ಒರೆಸಿಹೋಗುತ್ತದೆ, ಸಡಿಲವಾಗಿದ್ದ ಪಿನ್ ತಾತ್ಕಾಲಿಕವಾಗಿ ಹಿಡಿಯುತ್ತದೆ. ಗಾಡಿ ಕೆಲವು ವಾರ ಓಡುತ್ತದೆ, ಎಲ್ಲರೂ ಪೆಡಲ್ಲನ್ನೇ ದೂರುತ್ತಾರೆ. ಹಳೆಯ ಪೆಡಲ್ಲನ್ನೇ ಬಿಚ್ಚಿ ಮತ್ತೆ ಹಾಕಿದ್ದರೂ ಅಷ್ಟೇ ಫಲ ಸಿಗುತ್ತಿತ್ತು. ಸರಿಯಾದದ್ದು ಯಾವುದರಿಂದ ಎಂದು ತಿಳಿಯಬೇಕಾದರೆ ಬದಲಿಸುವ ಮೊದಲು ಅಳೆದಿರಬೇಕು. ಬದಲಿಸಿದ ಮೇಲೆ ಸಿಗುವ ಸಮಾಧಾನ ಸಾಕ್ಷ್ಯವಾಗುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೀಗೆ ನಮ್ಮ ಪಕ್ಕಕ್ಕೇ ಬಂದಿರುವ ವಿಮಾನಯಾನದಲ್ಲಿ, ಅಳೆಯದೆ ಭಾಗ ಬದಲಿಸುವ ಈ ಸಮಸ್ಯೆಗೆ ಹೆಸರೇ ಇದೆ: ಕೆಟ್ಟಿದೆಯೆಂದು ಬಿಚ್ಚಿ ಕಳಿಸಿದ ಭಾಗ ಪರೀಕ್ಷಾ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿದರೆ ‘ದೋಷ ಕಾಣಲಿಲ್ಲ’ ಎಂದು ದಾಖಲಿಸುತ್ತಾರೆ. ಹಾಗೆ ದಾಖಲಾದರೆ ದೋಷ ಇನ್ನೂ ವಿಮಾನದಲ್ಲೇ ಉಳಿದಿದೆ ಎಂದು ಆತಂಕಪಡುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಕಿತ್ತ ಪೆಡಲ್ ಗುಜರಿಗೆ ಹೋಗುತ್ತದೆ, ಅದು ನಿಜಕ್ಕೂ ಕೆಟ್ಟಿತ್ತೇ ಎಂದು ಯಾರೂ ನೋಡುವುದಿಲ್ಲ. ನೋಡದ್ದರಿಂದ ಯಾರೂ ಕಲಿಯುವುದೂ ಇಲ್ಲ.

ಕಿತ್ತ ಭಾಗವನ್ನು ಜೋಪಾನ ಮಾಡಿ ನೋಡಿದ್ದರಿಂದ ಏನು ಸಿಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೊಂದಿದೆ. ಅಮೆರಿಕದಲ್ಲಿ 2009-10ರಲ್ಲಿ ಟೊಯೊಟಾ ಕಾರುಗಳು ತಾವಾಗಿ ವೇಗ ಪಡೆಯುತ್ತಿವೆ ಎಂಬ ದೂರು ದೇಶವ್ಯಾಪಿ ಆತಂಕವಾಯಿತು. ಕಾರಿನ ಎಲೆಕ್ಟ್ರಾನಿಕ್ಸ್ ಪರೀಕ್ಷಿಸಲು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ನಾಸಾದ ಎಂಜಿನಿಯರುಗಳನ್ನು ಕರೆಯಿತು. 2011ರ ಫೆಬ್ರುವರಿಯಲ್ಲಿ ಪ್ರಕಟವಾದ ವರದಿ, ದೊಡ್ಡ ಪ್ರಮಾಣದಲ್ಲಿ ಥ್ರಾಟಲ್ ತೆರೆಯುವಂತೆ ಮಾಡಬಲ್ಲ ಎಲೆಕ್ಟ್ರಾನಿಕ್ ದೋಷ ಕಂಡುಬಂದಿಲ್ಲ ಎಂದಿತು. ಇಲಾಖೆ ಗುರುತಿಸಿದ ಕಾರಣಗಳು ಎರಡು, ಎರಡೂ ಬರೀ ಯಾಂತ್ರಿಕ: ನೆಲದ ಮ್ಯಾಟಿಗೆ ಸಿಕ್ಕಿಕೊಳ್ಳುವ ಪೆಡಲ್, ಅಂಟಿದಂತೆ ನಿಧಾನವಾಗಿ ಮೇಲೇಳುವ ಪೆಡಲ್. ಆದರೆ ಅದೇ ತನಿಖೆಯಲ್ಲಿ ದೂರು ಬಂದಿದ್ದ ಒಂದು ಕ್ಯಾಮ್ರಿ ಕಾರಿನ ಪೆಡಲ್ ಸೆನ್ಸರನ್ನು ಬಿಚ್ಚಿ ನೋಡಿದಾಗ, ತವರದ ಲೇಪನದಿಂದ ತಾನಾಗಿ ಬೆಳೆದ ಕೂದಲಿಗಿಂತ ತೆಳುವಾದ ಎಳೆಯೊಂದು ಎರಡು ಸಿಗ್ನಲ್‌ಗಳ ನಡುವೆ ಸೇತುವೆಯಾಗಿತ್ತು. ಈ ಪ್ರಕರಣದ ಬಗ್ಗೆ ಆಮೇಲೂ ವಾದಗಳು ನಡೆದವು, 2013ರಲ್ಲಿ ಒಕ್ಲಹೋಮದ ಜ್ಯೂರಿಯೊಂದು ಕಂಪನಿಯ ವಿರುದ್ಧವೂ ತೀರ್ಪು ಕೊಟ್ಟಿತು. ನಮಗೆ ಬೇಕಾದ ಪಾಠ ಎರಡು ಬದಿಯಲ್ಲೂ ಇದೆ. ಸೆನ್ಸರ್ ನಿಜವಾಗಿಯೂ ಕೆಡುತ್ತದೆ, ಕೆಡುವುದೇ ಇಲ್ಲ ಎನ್ನುವುದು ಮೂರ್ಖತನ. ಹಾಗೆಯೇ ಎಲ್ಲರೂ ಕಂಪ್ಯೂಟರನ್ನು ಶಂಕಿಸುತ್ತಿದ್ದಾಗ ಕಾಲ ಕೆಳಗಿನ ಮ್ಯಾಟೂ ತಪ್ಪಿತಸ್ಥರ ಸಾಲಿನಲ್ಲಿತ್ತು. ನಮ್ಮ ಗಾಡಿಗಳಲ್ಲಿ ಮ್ಯಾಟಿನ ಮೇಲೆ ಮ್ಯಾಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವ ಪದ್ಧತಿ ನೆನೆದರೆ ಅದನ್ನು ಮೊದಲು ಎತ್ತಿ ನೋಡುವುದು ಅವಮಾನದ ಕೆಲಸವಲ್ಲ.

ಎರಡನೆಯ ಆಕ್ಷೇಪ ಮೆಕ್ಯಾನಿಕ್‌ನದು, ಅದರಲ್ಲಿ ಸತ್ಯವಿದೆ. ಅರ್ಧ ತಾಸು ಮೀಟರ್ ಹಿಡಿದು ಒದ್ದಾಡಿ, ಒಂದು ಪಿನ್ ಬಿಗಿ ಮಾಡಿ ಮುನ್ನೂರು ರೂಪಾಯಿ ಕೇಳಿದರೆ ‘ಏನು ಮಾಡಿದ್ದೀರಿ ಅಂತ ಮುನ್ನೂರು?’ ಎಂದು ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಅದೇ ಸಾವಿರಗಟ್ಟಲೆ ಬೆಲೆಯ ಪೆಡಲ್ ಬದಲಿಸಿದರೆ ಮಾತಾಡದೆ ಕೊಡುತ್ತಾನೆ, ಏಕೆಂದರೆ ಕೈಗೆ ಡಬ್ಬಿ ಕಾಣುತ್ತದೆ. ಹಾಗಾಗಿ ಪತ್ತೆಗೆ ಕೂಲಿಯಿಲ್ಲ, ಬದಲಾವಣೆಗೆ ಲಾಭವಿದೆ. ಈ ಲೆಕ್ಕಾಚಾರವನ್ನು ಗಿರಾಕಿಗಳಾದ ನಾವೇ ಕಟ್ಟಿದ್ದೇವೆ. ಮೈಕೊ ಪಂಪಿನ ಕಾಲದಲ್ಲಿ ಸದ್ದು ಕೇಳಿಯೇ ಟೈಮಿಂಗ್ ಹೇಳುತ್ತಿದ್ದ ಮೇಸ್ತ್ರಿಗಳ ಕಿವಿಗೆ ಊರು ಬೆಲೆ ಕೊಟ್ಟಿತ್ತು. ಇಂದಿನ ಹುಡುಗ 0.2 ವೋಲ್ಟಿನ ಸೋರಿಕೆ ಹಿಡಿದರೆ ಅದೂ ಅಷ್ಟೇ ದೊಡ್ಡ ವಿದ್ಯೆ. ಅದಕ್ಕೆ ‘ಚೆಕಿಂಗ್ ಚಾರ್ಜ್’ ಎಂದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಇರಲಿ, ಅದನ್ನು ಕೊಡುವ ಮನಸ್ಸು ನಮಗಿರಲಿ.

ಕಲಿಕೆ ಮತ್ತು ಸಲಕರಣೆಯ ಪ್ರಶ್ನೆಯೂ ಇದೆ. ಮೆಕ್ಯಾನಿಕ್‌ಗೆ ಆ ಗಾಡಿಯ ವೈರಿಂಗ್ ನಕ್ಷೆ, ಸರಿಯಾದ ವೋಲ್ಟೇಜ್ ಅಂಕಿಗಳು ಸಿಗದಿದ್ದರೆ ಊಹೆಯೇ ಗತಿ. ಇದು ಸಣ್ಣ ಗ್ಯಾರೇಜುಗಳ ಗೊಣಗಾಟವಷ್ಟೇ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ಕಾರಣಕ್ಕೆ: ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಪೈಪೋಟಿ ಕೆಡಿಸಿದ್ದಾರೆ ಎಂದು. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು, ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಕಂಪನಿಯ ಸಹಾಯವಾಣಿಯ ಸಂಖ್ಯೆ ಅಲ್ಲಿದ್ದರೆ ಸಾಲದು. ಗುಬ್ಬಿಯ ಗ್ಯಾರೇಜಿನವನಿಗೆ ಬೇಕಾದದ್ದು ಆರು ತಂತಿಗಳ ಬಣ್ಣ, ಪಿನ್ನಿನ ಸಂಖ್ಯೆ, ಅಂಕಿಗಳು. ಅದು ಒಂದು ಪುಟದ ಮಾಹಿತಿ. ಕಲಿಕೆಯ ಕಡೆ ನೋಡಿದರೆ, ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು, 2022ರ ಜೂನ್‌ನಲ್ಲಿ ಅವುಗಳ ಉದ್ಘಾಟನೆಯಾಯಿತು. ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸ್ ಅದಕ್ಕೂ ಮುಂಚಿನಿಂದ ಇದೆ. ಬೇಕಾಗಿರುವುದು ಆ ಕೋರ್ಸ್ ಮುಗಿಸಿದ ಪ್ರತಿ ಹುಡುಗ, ಹುಡುಗಿ ಅರ್ಥ್ ಡ್ರಾಪ್ ಅಳೆಯುವುದನ್ನು ಸ್ವಂತ ಕೈಯಲ್ಲಿ ಹತ್ತಾರು ಸಲ ಮಾಡಿರುವುದು. ಜೊತೆಗೆ ಈಗಾಗಲೇ ಶೆಡ್ಡಿನಲ್ಲಿ ದುಡಿಯುತ್ತಿರುವ ಮೇಸ್ತ್ರಿಗಳಿಗೆ ಕನ್ನಡದಲ್ಲಿ, ಸಂಜೆಯ ಹೊತ್ತು, ವಾರದ ತರಬೇತಿಗಳಾಗಬೇಕು. ತುಮಕೂರಿನಲ್ಲಿ ಐಟಿಐ, ಪಾಲಿಟೆಕ್ನಿಕ್, 1963ರಿಂದ ಇರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಎಲ್ಲವೂ ಇರುವಾಗ ಇದು ಎಟುಕದ ಮಾತಲ್ಲ.

‘ಬಂದು ಹೋಗುವ ದೋಷವನ್ನು ಮೀಟರ್ ಹಿಡಿಯಲಾರದು, ನಿಂತ ಗಾಡಿಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ’ ಎಂಬ ಮಾತೂ ಬರುತ್ತದೆ. ಹೌದು, ಬಂದು ಹೋಗುವ ದೋಷ ಕಷ್ಟ. ಸಾಮಾನ್ಯ ಡಿಜಿಟಲ್ ಮೀಟರ್ ಕ್ಷಣಾರ್ಧದ ಕುಸಿತವನ್ನು ತೋರಿಸುವುದಿಲ್ಲ. ಮಿನ್-ಮ್ಯಾಕ್ಸ್ ಗುಂಡಿಯಿರುವ ಮೀಟರ್ ಅಥವಾ ಸ್ಕ್ಯಾನರಿನ ಗ್ರಾಫ್ ಬೇಕು. ಕೋಡ್ ದಾಖಲಾದ ಕ್ಷಣದ ವೇಗ, ಎಂಜಿನ್ ಬಿಸಿ, ಆರ್‌ಪಿಎಂಗಳನ್ನು ಇಸಿಯು ಫ್ರೀಜ್ ಫ್ರೇಮ್ ಎಂದು ಉಳಿಸಿಟ್ಟಿರುತ್ತದೆ, ಅದನ್ನು ಓದಬೇಕು. ಕೋಡ್ ಅಳಿಸುವ ಮೊದಲು ಓದಬೇಕು, ಅಳಿಸಿದರೆ ಅದೂ ಅಳಿಯುತ್ತದೆ. ಹೊಂಡಕ್ಕೆ ಬಿದ್ದಾಗ ಬರುತ್ತದೆಯೇ, ಮಳೆಯಲ್ಲಿ ಬರುತ್ತದೆಯೇ, ಬಿಸಿಯಾದ ಮೇಲೆ ಬರುತ್ತದೆಯೇ ಎಂದು ಚಾಲಕನನ್ನು ಕೇಳಬೇಕು. ಇಷ್ಟೆಲ್ಲ ಆದ ಮೇಲೂ ಏನೂ ಸಿಗದೆ, ತಂತಿ ಅರ್ಥ್ ಎಲ್ಲ ಸರಿಯಿದೆಯೆಂದು ಅಳೆದು ಖಾತ್ರಿಯಾದರೆ, ಆಗ ಪೆಡಲ್ ಬದಲಿಸುವುದು ಒಪ್ಪತಕ್ಕ ನಿರ್ಧಾರ. ಹೊಸ ಪೆಡಲ್ ಹಾಕಿದ ಮೇಲೆ ಕೆಲವು ಗಾಡಿಗಳ ಇಸಿಯುವಿಗೆ ಕಾಲು ಬಿಟ್ಟಾಗಿನ ಅದರ ಸ್ಥಾನ ಕಲಿಸಬೇಕಾಗುತ್ತದೆ, ಅದನ್ನು ಬಿಟ್ಟು ಹೋದರೆ ಹೊಸದಕ್ಕೂ ಅದೇ ಕೋಡ್ ಬಂದೀತು. ಸುರಕ್ಷತೆಯ ನೆಪದಲ್ಲಿ ‘ಬದಲಿಸಿಬಿಡುವುದೇ ಕ್ಷೇಮ’ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ದೋಷ ತಂತಿಯಲ್ಲಿ ಉಳಿದುಕೊಂಡ ಗಾಡಿ ಕುಣಿಗಲ್‌ನಿಂದ ಯಡಿಯೂರಿನ ಕಡೆ ಹೋಗುವಾಗ, ಓವರ್‌ಟೇಕ್ ಮಾಡುವ ನಡುವೆ, ಹಿಂದೆ ಬಸ್ಸು ಬರುತ್ತಿರುವಾಗ ಬಲ ಕಳೆದುಕೊಂಡರೆ ಹೊಸ ಪೆಡಲ್ಲಿನ ಡಬ್ಬಿ ಯಾರನ್ನೂ ಕಾಪಾಡುವುದಿಲ್ಲ. ಇದಕ್ಕಿಂತಲೂ ಕೆಟ್ಟದ್ದು ಕೋಡ್ ಅಳಿಸಿ ಕಳಿಸುವುದು. ಎಲ್ಲಕ್ಕಿಂತ ಕೆಟ್ಟದ್ದು ತಾಳೆ ಕೂರಿಸಲು ಎರಡು ಸಿಗ್ನಲ್ ತಂತಿಗಳಿಗೆ ರೆಸಿಸ್ಟರ್ ಬೆಸೆದು ಇಸಿಯುವನ್ನು ಮರುಳು ಮಾಡುವುದು. ಜೀವ ಕಾಯಲು ಇಟ್ಟ ಎರಡನೆಯ ಲೆಕ್ಕವನ್ನೇ ಹಾಗೆ ಮಾಡಿದವರು ಕೊಂದ ಹಾಗೆ.

‘ಕೇಬಲ್ ಗಾಡಿಯೇ ವಾಸಿಯಿತ್ತು’ ಎಂಬ ಹಳಹಳಿಕೆಗೆ ಎರಡೇ ಮಾತು ಸಾಕು. ಕೇಬಲ್ ಎಳೆಬಿಚ್ಚಿ ಹರಿಯುತ್ತಿತ್ತು, ಧೂಳಿಗೆ ಸಿಕ್ಕಿ ತೆರೆದಲ್ಲೇ ನಿಲ್ಲುತ್ತಿತ್ತು, ನಿಂತಾಗ ಎಂಜಿನ್ನಿನ ಓಟ ತಡೆಯುವ ಎರಡನೆಯ ಲೆಕ್ಕ ಎಲ್ಲಿಯೂ ಇರಲಿಲ್ಲ. ಹೊಸ ಏರ್ಪಾಡು ಹೆಚ್ಚು ಸುರಕ್ಷಿತ, ಹೆಚ್ಚು ಮಿತವ್ಯಯಿ. ಅದನ್ನು ಪರೀಕ್ಷಿಸುವ ವಿದ್ಯೆಯಷ್ಟೇ ಗಾಡಿಯ ಹಿಂದೆ ನಮ್ಮೂರಿಗೆ ಬರಬೇಕಾಗಿದೆ.

ನಿಮ್ಮ ಗಾಡಿ ರೇಸ್ ತೆಗೆದುಕೊಳ್ಳದೆ ನಿಂತರೆ ಹಜಾರ್ಡ್ ದೀಪ ಹಾಕಿ ರಸ್ತೆಯ ಅಂಚಿಗೆ ತನ್ನಿ, ಲಿಂಪ್ ಮೋಡಿನಲ್ಲಿ ಹೆದ್ದಾರಿಯ ವೇಗದ ಸಾಲಿನಲ್ಲಿ ಮುಂದುವರಿಯಬೇಡಿ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಹೊರಗಿನ ಗ್ಯಾರೇಜಾದರೆ ಪೆಡಲ್ ಬದಲಿಸಲು ಒಪ್ಪಿಗೆ ಕೊಡುವ ಮುನ್ನ ನಾಲ್ಕು ಅಳತೆಗಳನ್ನು ಕೇಳಿ: ಪೆಡಲ್ಲಿಗೆ ಬರುತ್ತಿರುವ 5 ವೋಲ್ಟ್ ಎಷ್ಟಿದೆ, ಅರ್ಥ್ ಡ್ರಾಪ್ ಎಷ್ಟಿದೆ, ಕಾಲು ಬಿಟ್ಟಾಗ ಎರಡು ಸಿಗ್ನಲ್ ಎಷ್ಟೆಷ್ಟು, ಪೂರ್ತಿ ತುಳಿದಾಗ ಎಷ್ಟೆಷ್ಟು. ಅವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ಅಳೆದವರ ಶ್ರಮಕ್ಕೆ ಹಣ ಕೊಡಿ. ಪೆಡಲ್ ಬದಲಿಸಲೇಬೇಕಾಯಿತೆಂದರೆ ಹಳೆಯದನ್ನು ಮನೆಗೆ ತನ್ನಿ.